ಮೊಬೈಲ್ ಆಟವೊಂದಕ್ಕೆ ಬೆಲೆ ಕಟ್ಟುವ ಬಗೆ

ಗಿರಣಿ, ಗೋದಾಮು, ಯಂತ್ರ, ದಾಸ್ತಾನು ಇವುಗಳ ಬೆಲೆ ಕಟ್ಟುವುದು ನಮ್ಮ ವರ್ತಕರಿಗಾಗಲಿ ಸಣ್ಣ ಉದ್ದಿಮೆದಾರರಿಗಾಗಲಿ ಹೊಸತಲ್ಲ. ಬಜಾರದ ಹಳೆಯ ಅಂಗಡಿಯೊಂದಕ್ಕೆ ಎಷ್ಟು ಪಗಡಿ ಕೊಡಬಹುದೆಂಬುದನ್ನು ಅವರು ಯಾವ ಪುಸ್ತಕದ ನೆರವೂ ಇಲ್ಲದೆ ಹೇಳಬಲ್ಲರು. ಆದರೆ ತಕ್ಕಡಿಗೂ ಅಳತೆಗೋಲಿಗೂ ಸಿಗದ ಸ್ವತ್ತೊಂದು ಈಚಿನ ವರ್ಷಗಳಲ್ಲಿ ನಮ್ಮ ಭಾಗದ ಮನೆತನಗಳ ಮುಂದೆಯೂ ಬಂದು ನಿಂತಿದೆ. ಅದೆಂದರೆ ಮೊಬೈಲ್ ಫೋನಿನಲ್ಲಿ ಆಡುವ ಚಿಕ್ಕ ಆಟ. ನಮ್ಮ ಅವಳಿನಗರದಲ್ಲಿ 2015ರಲ್ಲಿ ಐಐಐಟಿಯೂ 2016ರಲ್ಲಿ ಐಐಟಿಯೂ ಆರಂಭವಾದವು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನದ ಆಶ್ರಯದಲ್ಲಿ ನವೋದ್ಯಮಗಳಿಗೆ ನೆಲೆ ಒದಗಿಸುವ ಕೇಂದ್ರವಿದೆ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ರಾಜ್ಯ ಸರ್ಕಾರವು 2012ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು. 2024ರಿಂದ 2029ರ ಅವಧಿಗೆ ಹೊಸ ನೀತಿಯನ್ನೂ ಪ್ರಕಟಿಸಿದೆ. ಹೀಗಿರುವಾಗ ಓದು ಮುಗಿಸಿದ ಹುಡುಗರು ಆಟವೊಂದನ್ನು ತಯಾರಿಸಿ, ಬಂಡವಾಳಕ್ಕಾಗಿ ತಂದೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಕಡೆ ನೋಡುವುದು ಸಹಜವೇ ಆಗಿದೆ.

ಧಾರವಾಡದಿಂದ ಸವದತ್ತಿಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಅಮ್ಮಿನಬಾವಿಯ ಕಾಳುಕಡಿ ವರ್ತಕರೊಬ್ಬರು ಇಂಥದೇ ಪ್ರಸ್ತಾವವನ್ನು ಹಿಡಿದು ನನ್ನ ಕಚೇರಿಗೆ ಬಂದಿದ್ದರು. ಅವರ ಅಣ್ಣನ ಮಗನೂ ಅವನ ಸಹಪಾಠಿಯೂ ಸೇರಿ ಚಕ್ಕಡಿ ಓಡಿಸುವ ಆಟವೊಂದನ್ನು ಮಾಡಿದ್ದರು. ಬೆರಳನ್ನು ಎಡಕ್ಕೆ ಬಲಕ್ಕೆ ಸರಿಸುತ್ತ ಚಕ್ಕಡಿಯನ್ನು ಗುಂಡಿ, ಬಂಡೆ, ಎದುರು ಬರುವ ಟ್ರ್ಯಾಕ್ಟರುಗಳಿಂದ ತಪ್ಪಿಸಬೇಕು, ತಪ್ಪಿಸಿದಷ್ಟೂ ಅಂಕಗಳು. ಆಟದ ಮೂರನೆಯ ಒಂದು ಪಾಲಿಗೆ 12 ಲಕ್ಷ ರೂಪಾಯಿ ಕೇಳಲಾಗಿತ್ತು. "ಒಂದ ಲಕ್ಷ ಮಂದಿ ಇಳಿಸ್ಕೊಂಡಾರ್ರಿ ಸಾಹೇಬ್ರ, ತಲಿಗೆ ಹತ್ತ ರೂಪಾಯಿ ಹಿಡದ್ರೂ ಹತ್ತ ಲಕ್ಷ ಆತಲ್ರಿ" ಎಂಬುದು ಅವರ ವಾದ. ಹಣವನ್ನು ಅಂಗಡಿಯ ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆಯುವ ಆಲೋಚನೆ ಅವರದಾಗಿತ್ತು. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಆ ಲೆಕ್ಕವನ್ನು ಹೇಗೆ ಮಾಡಬೇಕೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಿದ್ದೇನೆ. ಮುಂದಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಲೆಕ್ಕದ ಕ್ರಮ ಮಾತ್ರ ಎಲ್ಲ ಕಡೆಯೂ ಅನ್ವಯಿಸುವಂಥದು.

ಮೊದಲು ಈ ಸರಕು ಯಾವುದೆಂದು ತಿಳಿಯಬೇಕು. 1970ರ ದಶಕದಲ್ಲಿ ಅಮೆರಿಕ ಮತ್ತು ಜಪಾನಿನ ಪೇಟೆಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳು ಬಂದವು. 1972ರ ಪಾಂಗ್, 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮನ್ ಅವುಗಳಲ್ಲಿ ಹೆಸರಾದವು. ಕಲಿಯಲು ಅರ್ಧ ನಿಮಿಷ ಸಾಕು. ಆಟ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಸೋತವನಿಗೆ ಇನ್ನೊಮ್ಮೆ ಆಡಬೇಕೆನಿಸುತ್ತದೆ. ಇವೇ ಆರ್ಕೇಡ್ ಮಾದರಿಯ ಲಕ್ಷಣಗಳು. ಆ ಯಂತ್ರದ ಬೆಲೆ ಕಟ್ಟುವುದು ಸುಲಭವಾಗಿತ್ತು. ವಾರದ ಕೊನೆಗೆ ನಾಣ್ಯದ ಪೆಟ್ಟಿಗೆಯನ್ನು ತೆರೆದು ಎಣಿಸಿದರೆ ಸಾಕಿತ್ತು. 1997ರಲ್ಲಿ ನೋಕಿಯಾ 6110 ಫೋನಿನೊಡನೆ ಬಂದ ಹಾವಿನ ಆಟಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ಅದು ಫೋನಿನ ಬೆಲೆಯಲ್ಲಿಯೇ ಸೇರಿಹೋಗಿತ್ತು. ಇಂದಿನ ಆಟಗಳ ರೀತಿ ಬೇರೆ. ಬಹುಪಾಲು ಆಟಗಳನ್ನು ಆಡುವವನು ಏನನ್ನೂ ಕೊಡುವುದಿಲ್ಲ. ಆಟದ ನಡುವೆ ತೋರಿಸುವ ಜಾಹೀರಾತಿಗೆ ಜಾಹೀರಾತುದಾರನು ಕೊಡುತ್ತಾನೆ. ಕೆಲವರು ಹೊಸ ಬಣ್ಣದ ಎತ್ತು, ಹೆಚ್ಚಿನ ಜೀವ ಮುಂತಾದವನ್ನು ಆಟದೊಳಗೇ ಕೊಳ್ಳುವುದೂ ಉಂಟು. ಈ ಹಣದಲ್ಲಿ ಗೂಗಲ್ ಅಥವಾ ಆಪಲ್ ಅಂಗಡಿಯು ತನ್ನ ದಲಾಲಿಯನ್ನು ಮುರಿದುಕೊಳ್ಳುತ್ತದೆ. ಮೊದಲು ಶೇ. 30ರಷ್ಟಿದ್ದ ಈ ದಲಾಲಿಯನ್ನು 2021ರಲ್ಲಿ ಎರಡೂ ಸಂಸ್ಥೆಗಳು ಸಣ್ಣ ತಯಾರಕರಿಗೆ ಶೇ. 15ಕ್ಕೆ ಇಳಿಸಿದವು. ನಮ್ಮ ಅಡತಿಯ ದರಕ್ಕೆ ಹೋಲಿಸಿದರೆ ಇದೂ ಭಾರಿಯೇ.

ಮೌಲ್ಯಮಾಪನದ ಮೂರು ಹಾದಿಗಳನ್ನು ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು 2018ರಲ್ಲಿ ಹೊರಡಿಸಿದ ಮೌಲ್ಯಮಾಪನ ಮಾನಕಗಳಲ್ಲಿ ಹೇಳಲಾಗಿದೆ: ತಗುಲಿದ ವೆಚ್ಚ, ಪೇಟೆಯ ಧಾರಣೆ, ಮುಂದೆ ಬರಬಹುದಾದ ಆದಾಯ. ವೆಚ್ಚದ ಹಾದಿ ಇಲ್ಲಿ ಬಹುಬೇಗ ಕೈಕೊಡುತ್ತದೆ. ಹುಡುಗರಿಬ್ಬರೂ ಹದಿನಾಲ್ಕು ತಿಂಗಳು ದುಡಿದಿದ್ದಾರೆ, ತಿಂಗಳಿಗೆ ಇಷ್ಟು ಸಂಬಳವೆಂದು ಹಿಡಿದರೆ ಇಷ್ಟಾಯಿತು ಎಂಬ ಮಾತು ಅವರ ಶ್ರಮಕ್ಕೆ ಸಲ್ಲುವ ಗೌರವವೇ ಹೊರತು ಆಟದ ಬೆಲೆಯಲ್ಲ. ನೀರು ಬೀಳದ ಕೊಳವೆಬಾವಿಯನ್ನು ಎಷ್ಟು ಅಡಿ ಕೊರೆದರೆಂಬುದರ ಮೇಲೆ ಯಾರೂ ಕೊಳ್ಳುವುದಿಲ್ಲ. ಪೇಟೆಯ ಧಾರಣೆಯೂ ಸಿಗುವುದು ಕಷ್ಟ, ಏಕೆಂದರೆ ಮಾರಾಟವಾದ ಆಟಗಳ ಬೆಲೆ ಮಾತ್ರ ಸುದ್ದಿಯಾಗುತ್ತದೆ. ಮಾರಾಟವಾಗದೆ ಮುಚ್ಚಿಹೋದ ಆಟಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಉಳಿಯುವುದು ಆದಾಯದ ಹಾದಿ.

ಹೂವು ಮತ್ತು ಕಾಯಿ

ಧಾರವಾಡದ ಆಪೂಸು ಮಾವಿನ ತೋಟಗಳನ್ನು ಹೂ ಬಿಟ್ಟ ಹೊತ್ತಿನಲ್ಲಿಯೇ ಗುತ್ತಿಗೆ ಹಿಡಿಯುವ ವ್ಯಾಪಾರಿಗಳು ನಮ್ಮಲ್ಲಿದ್ದಾರೆ. ಮರ ತುಂಬ ಹೂವಿದ್ದ ಮಾತ್ರಕ್ಕೆ ಅವರು ಮರುಳಾಗುವುದಿಲ್ಲ. ಇಬ್ಬನಿ, ಜಿಗಿಹುಳು, ಗಾಳಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಎಷ್ಟು ಕಾಯಿ ನಿಂತೀತೆಂದು ಎಣಿಸಿಯೇ ಮಾತನಾಡುತ್ತಾರೆ. ಮೊಬೈಲ್ ಆಟದ ಮಟ್ಟಿಗೆ ಡೌನ್‌ಲೋಡ್ ಎಂಬುದು ಹೂವು. ಮರುದಿನ ಮರಳಿ ಬಂದು ಆಡುವವನು ಮಿಡಿಗಾಯಿ. ತಿಂಗಳಾದ ಮೇಲೂ ಆಡುತ್ತಿರುವವನು ಹಣ್ಣು. ಒಂದು ಲಕ್ಷ ಡೌನ್‌ಲೋಡ್ ಎಂದು ಹೇಳುವವರು ಹೂವಿನ ಲೆಕ್ಕವನ್ನಷ್ಟೇ ಕೊಡುತ್ತಿದ್ದಾರೆಂದು ತಿಳಿಯತಕ್ಕದ್ದು.

ಆದ್ದರಿಂದ ಮೊದಲು ಕೇಳಬೇಕಾದ ಕಾಗದವೆಂದರೆ ಮರಳಿ ಬಂದವರ ತಖ್ತೆ. ಒಂದೇ ದಿನ ಆಟವನ್ನು ಇಳಿಸಿಕೊಂಡ ಸಾವಿರ ಮಂದಿಯಲ್ಲಿ ಮರುದಿನ ಎಷ್ಟು ಜನ ಬಂದರು, ಏಳನೆಯ ದಿನ ಎಷ್ಟು, ಮೂವತ್ತನೆಯ ದಿನ ಎಷ್ಟು ಎಂಬ ವಿವರವು ತಯಾರಕರ ಖಾತೆಯಲ್ಲಿ ತಾನಾಗಿಯೇ ದಾಖಲಾಗಿರುತ್ತದೆ. ಅದನ್ನು ತೋರಿಸಲು ಹಿಂದೆಮುಂದೆ ನೋಡುವವರೊಡನೆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಚಕ್ಕಡಿ ಆಟದ ಲೆಕ್ಕವನ್ನು ಹೀಗೆ ಮಾಡೋಣ. ಸಾವಿರ ಮಂದಿ ಹೊಸಬರು ಬಂದರು. ಬಂದ ದಿನ ಸಾವಿರವೂ ಆಡಿದರು. ಮುಂದಿನ ಏಳು ದಿನಗಳಲ್ಲಿ ದಿನಕ್ಕೆ ಸರಾಸರಿ 180 ಮಂದಿ ಮರಳಿದರು, ಒಟ್ಟು 1,260. ಎಂಟನೆಯ ದಿನದಿಂದ ಮೂವತ್ತನೆಯ ದಿನದವರೆಗಿನ 23 ದಿನಗಳಲ್ಲಿ ಸರಾಸರಿ 55, ಒಟ್ಟು 1,265. ಆಮೇಲಿನ ಅರವತ್ತು ದಿನಗಳಲ್ಲಿ ಸರಾಸರಿ 15, ಒಟ್ಟು 900. ಎಲ್ಲ ಸೇರಿ 4,425 ಆಟದ ದಿನಗಳಾದವು. ಒಬ್ಬನಿಗೆ ಒಂದು ದಿನದಲ್ಲಿ ಐದು ಜಾಹೀರಾತು ತೋರಿಸಿದರೆ 22,125 ಜಾಹೀರಾತುಗಳು. ಸಾವಿರ ಜಾಹೀರಾತಿಗೆ 40 ರೂಪಾಯಿ ಸಿಕ್ಕಿತೆಂದರೆ ಒಟ್ಟು ಉತ್ಪತ್ತಿ 885 ರೂಪಾಯಿ. ತಲೆಗೆ 88½ ಪೈಸೆ.

ಮೂರನೆಯ ಒಂದು ಪಾಲಿಗೆ 12 ಲಕ್ಷವೆಂದರೆ ಇಡೀ ಆಟಕ್ಕೆ 36 ಲಕ್ಷ. ಒಂದು ಲಕ್ಷ ಡೌನ್‌ಲೋಡಿಗೆ ಹಂಚಿದರೆ ತಲೆಗೆ 36 ರೂಪಾಯಿ. ತಲೆಯೊಂದು ಜೀವಮಾನದಲ್ಲಿ ಕೊಡುವುದು ರೂಪಾಯಿಗೂ ಕಡಿಮೆ. ಅಷ್ಟೇ ಅಲ್ಲ, ಈಗಾಗಲೇ ಬಂದುಹೋದ ಲಕ್ಷ ಮಂದಿಯ 88,500 ರೂಪಾಯಿ ತಯಾರಕರ ಕೈಸೇರಿ ಆಗಿದೆ. ಹೊಸ ಪಾಲುದಾರನಿಗೆ ಅದರಲ್ಲಿ ಸಲ್ಲುವುದೇನೂ ಇಲ್ಲ. ಕಳೆದ ವರ್ಷದ ಫಸಲಿಗೆ ಈ ವರ್ಷ ಯಾರೂ ಗುತ್ತಿಗೆ ಕೊಡುವುದಿಲ್ಲ.

ಹಾಗಾದರೆ ಮುಂದೆ ಬರುವುದೆಷ್ಟು? ಯಾವ ಪ್ರಚಾರವೂ ಇಲ್ಲದೆ ತಿಂಗಳಿಗೆ 8,000 ಹೊಸಬರು ತಾವಾಗಿಯೇ ಬರುತ್ತಿದ್ದಾರೆಂದು ಹಿಡಿಯೋಣ. ತಿಂಗಳಿಗೆ 7,080 ರೂಪಾಯಿ, ವರ್ಷಕ್ಕೆ 84,960 ರೂಪಾಯಿ ಆಯಿತು. ಈ ಬಗೆಯ ಆಟದ ಜನಪ್ರಿಯತೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಎರಡನೆಯ ವರ್ಷ ಅರ್ಧ, ಮೂರನೆಯ ವರ್ಷ ಅದರ ಅರ್ಧ ಎಂದು ಇಟ್ಟುಕೊಳ್ಳೋಣ. ಹೊಸ ಫೋನುಗಳಿಗೆ ಹೊಂದುವಂತೆ ಆಟವನ್ನು ತಿದ್ದುವುದು, ಸರ್ವರಿನ ಬಾಡಿಗೆ ಮುಂತಾದ ವೆಚ್ಚಕ್ಕೆ ವರ್ಷಕ್ಕೆ 24,000 ರೂಪಾಯಿ ತೆಗೆದರೆ ಮೊದಲ ವರ್ಷ 60,960, ಎರಡನೆಯ ವರ್ಷ 18,480 ಉಳಿಯುತ್ತದೆ. ಮೂರನೆಯ ವರ್ಷ ಉತ್ಪತ್ತಿ 21,240 ಮಾತ್ರ, ಖರ್ಚಿಗೇ ಸಾಲದು. ಅಲ್ಲಿಗೆ ಆಟದ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ಇಷ್ಟು ಅನಿಶ್ಚಿತವಾದ ಹಣಕ್ಕೆ ವರ್ಷಕ್ಕೆ ಶೇ. 25ರ ದರದಲ್ಲಿ ವಟಾವು ಕಳೆದರೆ ಇಂದಿನ ಬೆಲೆ ಸುಮಾರು 60,600 ರೂಪಾಯಿ. ಹುಡುಗರ ಸಂಬಳವನ್ನು ಇದರಲ್ಲಿ ಹಿಡಿದಿಲ್ಲ. ಬೇಡಿಕೆಯೋ 36 ಲಕ್ಷ.

ಪ್ರಚಾರ ಮಾಡಿ ಹೆಚ್ಚು ಜನರನ್ನು ತಂದರೆ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಆ 12 ಲಕ್ಷವನ್ನು ಖರ್ಚು ಮಾಡುವುದೇ ಅದಕ್ಕೆಂದು ಹುಡುಗರು ಹೇಳಿದ್ದರು. ಒಬ್ಬನನ್ನು ತರಲು ಜಾಹೀರಾತಿಗೆ 4 ರೂಪಾಯಿ ತಗುಲಿದರೆ, ಅವನು ಕೊಡುವ 88½ ಪೈಸೆ ಕಳೆದು ತಲೆಗೆ 3 ರೂಪಾಯಿ 11½ ಪೈಸೆ ನಷ್ಟ. ಹೆಚ್ಚು ಜನ ಬಂದಷ್ಟೂ ನಷ್ಟವೂ ಹೆಚ್ಚುತ್ತದೆ. ಇದನ್ನು ವರ್ತಕರಿಗೆ ವಿವರಿಸುವಾಗ ಅವರ ಊರಿನ ಜಲಶುದ್ಧೀಕರಣ ಘಟಕದ ಉದಾಹರಣೆಯೇ ಒದಗಿತು. ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧಿಯಾಗಿ ಅವಳಿನಗರಕ್ಕೆ ಹರಿದುಬರುತ್ತದೆ. ಕೊಳವೆಯಲ್ಲಿ ಸೋರಿಕೆಯಿದ್ದರೆ ಪಂಪಿನ ಶಕ್ತಿಯನ್ನು ಹೆಚ್ಚಿಸುವುದರಿಂದ ಸೋರುವ ನೀರೇ ಹೆಚ್ಚುತ್ತದೆ. ಮೊದಲು ಕೊಳವೆಯನ್ನು ಸರಿಪಡಿಸಬೇಕು. ಮರಳಿ ಬರುವವರ ಪ್ರಮಾಣ ಸುಧಾರಿಸದೆ ಪ್ರಚಾರಕ್ಕೆ ಹಣ ಸುರಿಯುವುದು ಈ ಪಂಪಿನ ಕೆಲಸವೇ ಸರಿ.

ವಿದೇಶದ ಆಟಗಾರರ ಮಾತೂ ಇಲ್ಲಿ ಬರುತ್ತದೆ. ಅಮೆರಿಕದಂಥ ದೇಶಗಳಲ್ಲಿ ಅದೇ ಜಾಹೀರಾತಿಗೆ ಭಾರತದಲ್ಲಿ ಸಿಗುವುದರ ಹಲವು ಪಟ್ಟು ಹಣ ಸಿಗುತ್ತದೆ. ಸಾವಿರಕ್ಕೆ 400 ರೂಪಾಯಿ ಎಂದರೆ ತಲೆಗೆ 8 ರೂಪಾಯಿ 85 ಪೈಸೆಯಾಯಿತು. ಆದರೆ ಅಲ್ಲಿಯ ಆಟಗಾರನನ್ನು ಕರೆತರುವ ವೆಚ್ಚವೂ ಹಾಗೆಯೇ ಏರುತ್ತದೆ. ಜಗತ್ತಿನ ದೊಡ್ಡ ಕಂಪನಿಗಳೆಲ್ಲ ಅದೇ ಗಿರಾಕಿಗಾಗಿ ಸವಾಲು ಕೂಗುತ್ತಿರುತ್ತವೆ. ಆದ್ದರಿಂದ ಡೌನ್‌ಲೋಡುಗಳು ಯಾವ ಯಾವ ದೇಶದವು ಎಂಬ ವಿಂಗಡಣೆಯನ್ನು ಕೇಳಿ ಪಡೆಯಬೇಕು. 2016ರಲ್ಲಿ ಅಗ್ಗದ ಡೇಟಾ ಬಂದ ಮೇಲೆ ನಮ್ಮ ಹಳ್ಳಿಹಳ್ಳಿಯಲ್ಲಿಯೂ ಆಟಗಾರರು ಹೆಚ್ಚಿದರು. ಆದರೆ ಆಟಗಾರರ ಸಂಖ್ಯೆ ಏರಿದ ಪ್ರಮಾಣದಲ್ಲಿ ತಯಾರಕರ ಉತ್ಪತ್ತಿ ಏರಿತೆಂದು ಭಾವಿಸಬಾರದು.

ಆಟವನ್ನು ಆಡಿಯೇ ನೋಡಬೇಕು

ಅಂಕಿಗಳನ್ನು ನೋಡುವ ಮೊದಲೋ ಆಮೇಲೋ ಆಟವನ್ನು ಸ್ವತಃ ಆಡಿ ನೋಡುವುದು ಅವಶ್ಯ. ಹತ್ತಿಯ ಬೆಲೆ ಹೇಳುವವನು ಎಳೆಯನ್ನು ಬೆರಳಲ್ಲಿ ಹಿಡಿದು ಎಳೆದು ನೋಡದೆ ಇರುವುದಿಲ್ಲ. ನಾನು ಮೂರು ದಿನ ಈ ಆಟವನ್ನು ಆಡಿದೆ. ಕಚೇರಿಯಲ್ಲಿ ನಗೆಪಾಟಲಿಗೆ ಗುರಿಯಾದೆನೆಂಬುದು ಬೇರೆ ಮಾತು.

ಗಮನಿಸಬೇಕಾದ ಸಂಗತಿಗಳು ಸರಳವಾಗಿವೆ. ಯಾರೂ ಹೇಳಿಕೊಡದೆ ಅರ್ಧ ನಿಮಿಷದಲ್ಲಿ ಆಟ ತಿಳಿಯುತ್ತದೆಯೇ? ಎಂಟು ಹತ್ತು ಸಾವಿರ ರೂಪಾಯಿಯ ಹಳೆಯ ಫೋನಿನಲ್ಲಿ ತಡವರಿಸದೆ ಓಡುತ್ತದೆಯೇ, ಫೋನನ್ನು ಬಿಸಿ ಮಾಡುತ್ತದೆಯೇ? ನೆಟ್‌ವರ್ಕ್ ಇಲ್ಲದಾಗ ಆಡಬಹುದೇ? ಬಹಳ ಮುಖ್ಯವಾದದ್ದು ಸೋತ ಕ್ಷಣ. ಚಕ್ಕಡಿ ಗುಂಡಿಗೆ ಬಿದ್ದಾಗ ಅದು ತನ್ನ ತಪ್ಪೆಂದು ಆಡುವವನಿಗೆ ಅನಿಸಿದರೆ ಅವನು ಮತ್ತೊಮ್ಮೆ ಆಡುತ್ತಾನೆ. ಆಟವೇ ಮೋಸ ಮಾಡಿತೆನಿಸಿದರೆ ಅಳಿಸಿಹಾಕುತ್ತಾನೆ. ಸೋತ ಕೂಡಲೇ ಅರ್ಧ ನಿಮಿಷದ ಜಾಹೀರಾತು ಬಂದು ದಾರಿಗೆ ಅಡ್ಡ ನಿಂತರೆ ಎರಡನೆಯ ಸಲಕ್ಕೆ ಬಂದ ಮನಸ್ಸೂ ಕೆಡುತ್ತದೆ. ಚಕ್ಕಡಿ ಆಟದಲ್ಲಿ ಎರಡು ಸೋಲಿಗೊಂದು ಜಾಹೀರಾತು ಕಡ್ಡಾಯವಾಗಿ ಬರುತ್ತಿತ್ತು. ಜಾಹೀರಾತು ನೋಡಿದರೆ ಬಿದ್ದ ಚಕ್ಕಡಿ ಮೇಲೆದ್ದು ಅಲ್ಲಿಂದಲೇ ಓಡುವುದೆಂಬ ಆಯ್ಕೆಯನ್ನು ಆಡುವವನ ಇಚ್ಛೆಗೆ ಬಿಟ್ಟರೆ ಅವನೇ ಒಪ್ಪಿ ನೋಡುತ್ತಾನೆ, ಅದಕ್ಕೆ ದರವೂ ಸಾಮಾನ್ಯವಾಗಿ ಹೆಚ್ಚು. ಇಂಥ ತಿದ್ದುಪಡಿಗೆ ಲಕ್ಷಗಟ್ಟಲೆ ಬಂಡವಾಳ ಬೇಕಾಗಿಲ್ಲವೆಂಬುದೂ ಲೆಕ್ಕದಲ್ಲಿರಲಿ.

ಇನ್ನೊಂದು ಪರೀಕ್ಷೆಯಿದೆ. ಅಂಗಡಿಯ ಗುಮಾಸ್ತರು, ಹಮಾಲರು, ಮನೆಯ ಮಕ್ಕಳು ಹೀಗೆ ಹತ್ತು ಜನರ ಫೋನಿಗೆ ಆಟವನ್ನು ಹಾಕಿಕೊಟ್ಟು ಸುಮ್ಮನಿರಬೇಕು. ಹೇಗಿದೆ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಯಜಮಾನರ ಮನೆಯ ಹುಡುಗನ ಆಟವಲ್ಲವೇ! ನಾಲ್ಕನೆಯ ದಿನ ಯಾರ ಫೋನಿನಲ್ಲಿ ಅದು ಉಳಿದಿದೆ, ಯಾರು ತಾವಾಗಿಯೇ ತೆರೆದಿದ್ದಾರೆ ಎಂಬುದನ್ನು ಮಾತ್ರ ನೋಡಬೇಕು.

ದೊಡ್ಡವರ ವ್ಯವಹಾರಗಳು

ಇಂಥ ಪ್ರಸ್ತಾವಗಳಲ್ಲಿ ಯಶಸ್ಸಿನ ಕಥೆಗಳನ್ನು ಮುಂದಿಡುವುದು ವಾಡಿಕೆ. ಅವುಗಳನ್ನು ಪೂರ್ತಿಯಾಗಿ ಓದುವುದೊಳ್ಳೆಯದು. ವಿಯೆಟ್ನಾಮಿನ ಡಾಂಗ್ ನ್ಗುಯೆನ್ ಎಂಬ ತರುಣ ಒಬ್ಬನೇ ತಯಾರಿಸಿ 2013ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಫ್ಲಾಪಿ ಬರ್ಡ್ ಎಂಬ ಹಕ್ಕಿ ಹಾರಿಸುವ ಆಟ ಹಲವು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. 2014ರ ಆರಂಭದಲ್ಲಿ ಅದು ಜಗತ್ತಿನಾದ್ಯಂತ ಮೊದಲ ಸ್ಥಾನಕ್ಕೇರಿ, ಜಾಹೀರಾತಿನಿಂದ ದಿನಕ್ಕೆ ಸುಮಾರು 50,000 ಡಾಲರ್ ತರುತ್ತಿದೆಯೆಂದು ವರದಿಯಾಯಿತು. ಫೆಬ್ರವರಿಯಲ್ಲಿ ತಯಾರಕನೇ ಅದನ್ನು ಅಂಗಡಿಯಿಂದ ಹಿಂತೆಗೆದುಕೊಂಡ. ಅದೇ ಹೊತ್ತಿಗೆ ಅದರ ನಕಲುಗಳು ರಾಶಿರಾಶಿಯಾಗಿ ಬಂದಿದ್ದವು. ಮೊದಲ ಸ್ಥಾನದಲ್ಲಿದ್ದ ವಾರದ ಉತ್ಪತ್ತಿಯನ್ನು 52ರಿಂದ ಗುಣಿಸಿ ಯಾರಾದರೂ ವರ್ಷದ ಲೆಕ್ಕ ಹಾಕಿದ್ದರೆ ಅವರ ಗತಿಯೇನಾಗುತ್ತಿತ್ತು?

ಹಾಗೆ ಲೆಕ್ಕ ಹಾಕಿದವರೂ ಇದ್ದಾರೆ. ಚಿತ್ರ ಬರೆದು ಊಹಿಸುವ ಡ್ರಾ ಸಮ್‌ಥಿಂಗ್ ಎಂಬ ಆಟ ಕೆಲವೇ ವಾರಗಳಲ್ಲಿ ಕೋಟ್ಯಂತರ ಜನರನ್ನು ತಲುಪಿದಾಗ, ಅಮೆರಿಕದ ಝಿಂಗಾ ಕಂಪನಿಯು 2012ರ ಮಾರ್ಚ್ ತಿಂಗಳಲ್ಲಿ ಅದನ್ನು ತಯಾರಿಸಿದ ಒಎಂಜಿಪಾಪ್ ಸಂಸ್ಥೆಯನ್ನು ಸುಮಾರು 18 ಕೋಟಿ ಡಾಲರಿಗೆ ಕೊಂಡಿತು. ಕೊಂಡ ಬೆನ್ನಲ್ಲಿಯೇ ಆಡುವವರ ಸಂಖ್ಯೆ ಇಳಿಯತೊಡಗಿತು. ಅದೇ ವರ್ಷದ ಅಕ್ಟೋಬರದಲ್ಲಿ ಎಂಟೂವರೆಯಿಂದ ಒಂಬತ್ತೂವರೆ ಕೋಟಿ ಡಾಲರಿನಷ್ಟು ಬೆಲೆಯನ್ನು ಪುಸ್ತಕದಿಂದ ಕಡಿದುಹಾಕಬೇಕಾಗುತ್ತದೆಂದು ಕಂಪನಿ ಪ್ರಕಟಿಸಿತು. 2013ರಲ್ಲಿ ಆ ಸಂಸ್ಥೆಯ ಬಾಗಿಲನ್ನೂ ಹಾಕಿತು. ಏಳು ತಿಂಗಳಲ್ಲಿ ಕೊಂಡ ಬೆಲೆಯ ಅರ್ಧದಷ್ಟು ಹೋದಂತಾಯಿತು. ಅತ್ಯುತ್ತಮ ಮೌಲ್ಯಮಾಪಕರ ಸಲಹೆ ಪಡೆಯಬಲ್ಲ ಕಂಪನಿಗೇ ಹೀಗಾಗಿದೆ.

ನಮ್ಮ ರಾಜ್ಯದ ಎರಡು ಉದಾಹರಣೆಗಳು ಇನ್ನೂ ಉಪಯುಕ್ತ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ದೇಶದ ಮೊದಮೊದಲ ಗೇಮಿಂಗ್ ಸಂಸ್ಥೆಗಳಲ್ಲೊಂದು. ಅದರ ಮುಖ್ಯ ಕಸುಬು ವಿದೇಶದ ಕಂಪನಿಗಳಿಗೆ ಆಟಗಳ ಚಿತ್ರಕಲೆಯನ್ನು ಮಾಡಿಕೊಡುವುದಾಗಿತ್ತು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದರ ಶೇ. 90.5ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರಿಗೆ ಕೊಂಡು, ತಾನೇ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ ಮೇಲೆ 2019ರಲ್ಲಿ ತನ್ನ ಪಾಲನ್ನು ರಾಕ್‌ಸ್ಟಾರ್ ಗೇಮ್ಸ್‌ಗೆ 79 ಲಕ್ಷ ಡಾಲರಿಗೆ ಮಾರಿತು. ಮಾರಿದವರು ಕಷ್ಟದಲ್ಲಿದ್ದರೂ ಬೆಲೆ ಹೆಚ್ಚು ಕುಸಿಯಲಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿ ಕೊಂಡದ್ದು ನುರಿತ ಕೈಗಳನ್ನು, ನಿಯಮಿತ ಗಿರಾಕಿಗಳನ್ನು. ಇನ್ನೊಂದು, ಬೆಂಗಳೂರಿನದೇ ಆದ ಮೂನ್‌ಫ್ರಾಗ್ ಲ್ಯಾಬ್ಸ್. 2013ರಲ್ಲಿ ಆರಂಭವಾದ ಈ ಸಂಸ್ಥೆಯ ತೀನ್ ಪತ್ತಿ ಗೋಲ್ಡ್, ಲೂಡೋ ಕ್ಲಬ್ ಆಟಗಳನ್ನು ಓದುಗರಲ್ಲಿ ಹಲವರು ಆಡಿರಬಹುದು. 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಸಮೂಹವು ಅದರ ಶೇ. 91ರ ಪಾಲಿಗೆ ಸುಮಾರು 9 ಕೋಟಿ ಡಾಲರ್ ಕೊಡಲು ಒಪ್ಪಿ, ಉಳಿದ ಪಾಲನ್ನು ಮುಂದಕ್ಕೆ ಇಟ್ಟುಕೊಂಡಿತು. ವರ್ಷಗಳಿಂದ ಉತ್ಪತ್ತಿ ತರುತ್ತಿದ್ದ ಆಟಗಳಿದ್ದರೂ ಇಡೀ ಸಂಸ್ಥೆಯನ್ನು ಒಂದೇ ದಿನ ಕೊಳ್ಳಲಿಲ್ಲ. ಇಸ್ಪೀಟಾಗಲಿ ಲೂಡೋ ಆಗಲಿ ತಲೆಮಾರುಗಳಿಂದ ಜನರ ನಡುವೆ ಇರುವ ಆಟಗಳು. ಅವುಗಳ ಆಯುಷ್ಯವನ್ನು ಊಹಿಸುವುದು ಚಕ್ಕಡಿ ಓಟದ ಆಯುಷ್ಯವನ್ನು ಊಹಿಸುವುದಕ್ಕಿಂತ ಸುಲಭ.

ಆಂಗ್ರಿ ಬರ್ಡ್ಸ್ ಆಟ 2009ರಲ್ಲಿ ಬರುವ ಮೊದಲು ಫಿನ್ಲೆಂಡಿನ ರೋವಿಯೋ ಸಂಸ್ಥೆ 51 ಆಟಗಳನ್ನು ತಯಾರಿಸಿ, ಮುಚ್ಚುವ ಸ್ಥಿತಿಗೆ ಬಂದಿತ್ತೆಂಬುದು ಈ ಉದ್ಯಮದಲ್ಲಿ ಎಲ್ಲರೂ ಬಲ್ಲ ಮಾತು. 2023ರಲ್ಲಿ ಜಪಾನಿನ ಸೆಗಾ ಆ ಸಂಸ್ಥೆಯನ್ನು 70 ಕೋಟಿ ಯೂರೋಗೂ ಹೆಚ್ಚಿನ ಬೆಲೆಗೆ ಕೊಂಡಿತು. ಇಲ್ಲಿಂದ ನಾನು ತೆಗೆಯುವ ತಾತ್ಪರ್ಯವಿಷ್ಟು: ಬೆಲೆಯಿರುವುದು ಒಂದು ಆಟಕ್ಕಿಂತ ಹೆಚ್ಚಾಗಿ, ಒಂದರ ಹಿಂದೊಂದು ಆಟ ಮಾಡಬಲ್ಲ ಕೈಗಳಿಗೆ. ಸೋತ ಆಟದಿಂದ ಏನು ಕಲಿತಿರಿ ಎಂಬ ಪ್ರಶ್ನೆಗೆ ಅಂಕಿಗಳನ್ನಿಟ್ಟುಕೊಂಡು ಉತ್ತರಿಸುವ ಹುಡುಗರನ್ನು ನಂಬಬಹುದು.

ಒಡೆತನದ ಕಾಗದಪತ್ರ

ಜಮೀನು ಕೊಳ್ಳುವಾಗ ಉತಾರ ನೋಡುವಂತೆ ಆಟದ ಒಡೆತನವನ್ನೂ ನೋಡಬೇಕು. ಇದರಲ್ಲಿ ನಮ್ಮವರು ಬಹಳ ಉದಾಸೀನರು. ಕಂಪ್ಯೂಟರ್ ಪ್ರೋಗ್ರಾಮು 1957ರ ಕೃತಿಸ್ವಾಮ್ಯ ಕಾಯಿದೆಯಡಿ ಸಾಹಿತ್ಯ ಕೃತಿಯೆಂದೇ ಪರಿಗಣಿತವಾಗಿದೆ. ಸಂಬಳದ ನೌಕರನು ಕೆಲಸದ ಅಂಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕನದಾಗುತ್ತದೆ. ಹೊರಗಿನವನಿಗೆ ಗುತ್ತಿಗೆ ಕೊಟ್ಟು ಬರೆಯಿಸಿದ್ದು ಸಾಮಾನ್ಯವಾಗಿ ಬರೆದವನದೇ ಆಗಿ ಉಳಿಯುತ್ತದೆ. ಹಣ ಸಂದಾಯ ಮಾಡಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಸಹಿ ಮಾಡಿದ ಹಸ್ತಾಂತರ ಪತ್ರ ಬೇಕು. ಆ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಕಾಯಿದೆಯ 19ನೆಯ ಕಲಮಿನಂತೆ ಅದು ಐದೇ ವರ್ಷದ್ದೆಂದು, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಸೀಮಿತವೆಂದು ತಿಳಿಯಲಾಗುತ್ತದೆ. ಜಗತ್ತಿನಾದ್ಯಂತ ಮಾರುವ ಸರಕಿಗೆ ಈ ಒಂದು ಸಾಲಿನ ಕೊರತೆ ಎಷ್ಟು ದುಬಾರಿಯೆಂದು ಬೇರೆ ಹೇಳಬೇಕಾಗಿಲ್ಲ. ಚಕ್ಕಡಿ ಆಟದಲ್ಲಿ ಎತ್ತುಗಳ ಚಿತ್ರವನ್ನು ಬಿಡಿಸಿದವನು ಮೂರನೆಯ ಗೆಳೆಯ. ಅವನಿಂದ ಒಂದು ಚೀಟಿಯನ್ನೂ ಬರೆಯಿಸಿಕೊಂಡಿರಲಿಲ್ಲ.

ಆಟ ಯಾರ ಹೆಸರಿನ ಖಾತೆಯಿಂದ ಅಂಗಡಿಗೆ ಏರಿದೆ, ಜಾಹೀರಾತಿನ ಹಣ ಯಾರ ಬ್ಯಾಂಕ್ ಖಾತೆಗೆ ಬರುತ್ತಿದೆ ಎಂಬುದನ್ನೂ ವಿಚಾರಿಸಬೇಕು. ಗೆಳೆಯರೆಲ್ಲ ಕೂಡಿ ತಮ್ಮದೇ ಆಟದ ಜಾಹೀರಾತುಗಳನ್ನು ಒತ್ತುತ್ತ ಕುಳಿತರೆ ಜಾಹೀರಾತು ಸಂಸ್ಥೆ ಖಾತೆಯನ್ನೇ ಸ್ಥಗಿತಗೊಳಿಸಬಹುದು. ಆಗ ಆಟವಿದ್ದೂ ಉತ್ಪತ್ತಿಯಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೂ ಜಾಹೀರಾತು ಖಾತೆಯ ತಖ್ತೆಗೂ ತಿಂಗಳವಾರು ತಾಳೆ ನೋಡುವುದು ಲೆಕ್ಕಪರಿಶೋಧಕನ ಹಳೆಯ ಕೆಲಸ. ಇಲ್ಲಿಯೂ ಅದೇ ಅತ್ಯಂತ ನಂಬಲರ್ಹವಾದ ಪರೀಕ್ಷೆ.

ಕಾನೂನಿನ ಎರಡು ವಿಷಯಗಳನ್ನು ಮರೆಯುವಂತಿಲ್ಲ. ಉತ್ಪತ್ತಿ ಸಾಲದಾದಾಗ ಪ್ರವೇಶ ಶುಲ್ಕ ಇಟ್ಟು ಗೆದ್ದವರಿಗೆ ಹಣದ ಬಹುಮಾನ ಕೊಡೋಣವೆಂಬ ಯೋಚನೆ ಹುಡುಗರ ತಲೆಯಲ್ಲಿ ಮೂಡುವುದುಂಟು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು, ಅದು ಕೌಶಲದ ಆಟವಾಗಿರಲಿ ಅದೃಷ್ಟದ್ದಾಗಿರಲಿ, ನಿಷೇಧಿಸುತ್ತದೆ. ಅಂಥ ಆಟವನ್ನು ಒದಗಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡದ ಅವಕಾಶ ಅದರಲ್ಲಿದೆ. ಪಣವಿಲ್ಲದ ಆಟಕ್ಕೆ ಈ ನಿಷೇಧ ತಟ್ಟುವುದಿಲ್ಲ. ಎರಡನೆಯದಾಗಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದೇ ಕರೆದು, ಅವರನ್ನು ಗುರಿಯಾಗಿಸಿದ ಜಾಹೀರಾತಿಗೆ ನಿರ್ಬಂಧ ಹಾಕುತ್ತದೆ. ಅದರ ನಿಯಮಗಳು 2025ರ ನವೆಂಬರದಲ್ಲಿ ಹೊರಬಿದ್ದು ಹಂತಹಂತವಾಗಿ ಜಾರಿಗೆ ಬರುವಂತಿವೆ. ಆಡುವವರಲ್ಲಿ ಶಾಲೆಯ ಮಕ್ಕಳೇ ಹೆಚ್ಚಾಗಿದ್ದರೆ ಜಾಹೀರಾತಿನ ಉತ್ಪತ್ತಿಯನ್ನು ಇನ್ನೂ ಕಡಿಮೆ ಹಿಡಿಯುವುದು ಲೇಸು.

ಲೆಕ್ಕದ ಪುಸ್ತಕಗಳ ಮಾತು. ಪಾಲುದಾರಿಕೆ ಸಂಸ್ಥೆ ಮಾಡಿ ಆಟವನ್ನು 36 ಲಕ್ಷದ ಆಸ್ತಿಯೆಂದು ಆಢಾವೆ ಪತ್ರಿಕೆಯಲ್ಲಿ ತೋರಿಸಿ, ಅದರ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಬಹುದೇ ಎಂದು ಕೇಳಿದವರಿದ್ದಾರೆ. ಅಮೂರ್ತ ಆಸ್ತಿಗಳ ಕುರಿತ 26ನೆಯ ಲೆಕ್ಕಪತ್ರ ಮಾನಕವು ಇದಕ್ಕೆ ಆಸ್ಪದ ಕೊಡುವುದಿಲ್ಲ. ಶೋಧನೆಯ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೇ ಹಾಕಬೇಕು. ಆಟ ತಯಾರಾಗುವುದು, ಅದರಿಂದ ಆದಾಯ ಬರುವುದು ಸಾಧ್ಯವೆಂದು ತೋರಿಸಬಲ್ಲ ಹಂತದ ನಂತರ ನಿಜವಾಗಿ ಖರ್ಚಾದ ಹಣವನ್ನು ಮಾತ್ರ ಆಸ್ತಿಯೆಂದು ಬರೆದು, ಅದರ ಆಯುಷ್ಯಕ್ಕೆ ತಕ್ಕಂತೆ ಕಡಿಯುತ್ತ ಬರಬೇಕು. ಪ್ರಚಾರದ ವೆಚ್ಚವಂತೂ ಆಸ್ತಿಯಲ್ಲವೇ ಅಲ್ಲ. ಮತ್ತೆ, ದಾಸ್ತಾನಿನ ಮೇಲೆ ಮಂಜೂರಾದ ಕ್ಯಾಶ್ ಕ್ರೆಡಿಟ್ ಹಣವನ್ನು ಆಟಕ್ಕೆ ತಿರುಗಿಸಿದರೆ ಬ್ಯಾಂಕು ಅದನ್ನು ಹಣದ ದುರ್ವಿನಿಯೋಗವೆಂದೇ ಎಣಿಸುತ್ತದೆ. ಸುಗ್ಗಿಯಲ್ಲಿ ಕಡಲೆ ಖರೀದಿಗೆ ಬೇಕಾದ ಹಣ ಅದು. ಅಮ್ಮಿನಬಾವಿಯ ವರ್ತಕರಿಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಇದನ್ನೇ.

ಹಾಗೆಂದು ಹುಡುಗರನ್ನು ಬರಿಗೈಯಲ್ಲಿ ಕಳಿಸಬೇಕಾಗಿಲ್ಲ. ಒಪ್ಪಂದವನ್ನು ಹೀಗೆ ಬರೆಯಿಸಿದೆವು. ಪಾಲು ಖರೀದಿಯ ಬದಲು 1,50,000 ರೂಪಾಯಿಯ ಮುಂಗಡ; ಅಂಗಡಿಯ ಖಾತೆಯಿಂದಲ್ಲ, ವರ್ತಕರ ಸ್ವಂತ ಉಳಿತಾಯದಿಂದ, ಮೂರು ಕಂತುಗಳಲ್ಲಿ. ಮೊದಲ ಕಂತು ಜಾಹೀರಾತಿನ ಕ್ರಮವನ್ನು ತಿದ್ದಲು ಮತ್ತು ಚಿತ್ರ ಬಿಡಿಸಿದ ಗೆಳೆಯನ ಹಕ್ಕನ್ನು ಹಣ ಕೊಟ್ಟು ಬರೆಯಿಸಿಕೊಳ್ಳಲು. ಏಳನೆಯ ದಿನ ಮರಳಿ ಬರುವವರ ಪ್ರಮಾಣವು ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದರೆ ಎರಡನೆಯ ಕಂತು; ಮುಟ್ಟದಿದ್ದರೆ ಆ ಹಣ ಹೊಸ ಆಟಕ್ಕೆ. ಮೂರನೆಯ ಕಂತು ಹೊಸ ಆಟ ಅಂಗಡಿಗೆ ಏರಿದ ದಿನ. ಪ್ರತಿಯಾಗಿ ಈ ಆಟದ ಮತ್ತು ಮುಂದಿನ ಎರಡು ಆಟಗಳ ನಿವ್ವಳ ಉತ್ಪತ್ತಿಯಲ್ಲಿ ಮುಂಗಡ ತೀರುವವರೆಗೆ ಅರ್ಧ, ಆಮೇಲೆ ಐದು ವರ್ಷ ಶೇ. 15. ಪ್ರತಿ ತಿಂಗಳ ಹತ್ತನೆಯ ತಾರೀಖಿನೊಳಗೆ ಜಾಹೀರಾತು ಖಾತೆಯ ತಖ್ತೆಯನ್ನು ಕಳುಹಿಸತಕ್ಕದ್ದೆಂದೂ, ಸತತ ಎರಡು ತಿಂಗಳು ಕಳುಹಿಸದಿದ್ದರೆ ಉಳಿದ ಕಂತುಗಳನ್ನು ತಡೆಹಿಡಿಯುವ ಅಧಿಕಾರವಿದೆಯೆಂದೂ ಕೊನೆಯ ಕಲಮಿನಲ್ಲಿ ಸೇರಿಸಲಾಗಿದೆ.